ಶ್ರೀಗಂಧಕ್ಕೆ ಕಾವಲಿದೆ, ಚಿಕಿತ್ಸೆಯಿಲ್ಲ

ಶ್ರೀಗಂಧದ ಮರ ಕದ್ದವನನ್ನು ಹಿಡಿಯಲು ಈ ರಾಜ್ಯದಲ್ಲಿ ಕಠಿಣ ಕಾನೂನಿದೆ, ಅರಣ್ಯ ಇಲಾಖೆಯ ಸಂಚಾರಿ ದಳವಿದೆ, ರಾತ್ರಿ ಗಸ್ತಿಗೆ ವಾಚರ್‌ಗಳಿದ್ದಾರೆ. ಗಂಧ ಬೆಳೆದ ರೈತರು ತಂತಿಬೇಲಿ ಎಳೆದು, ನಾಯಿ ಸಾಕಿ, ಸಿಸಿಟಿವಿ ಹಾಕಿಸಿ ನಿದ್ದೆಗೆಡುತ್ತಾರೆ. ಇಷ್ಟೆಲ್ಲ ಕಾವಲಿನ ನಡುವೆ ಪುಟ್ಟದೊಂದು ಜಿಗಿಹುಳು ಯಾರ ಅಪ್ಪಣೆಯೂ ಇಲ್ಲದೆ ಬೇಲಿ ದಾಟಿ ಬರುತ್ತದೆ, ಎಲೆಯ ರಸ ಹೀರುತ್ತದೆ, ಹೋಗುತ್ತದೆ. ಅದು ಬಿಟ್ಟುಹೋದ ಸೋಂಕು ತಗುಲಿದ ಮರ ಎರಡು ಮೂರು ವರ್ಷದಲ್ಲಿ ನಿಂತಲ್ಲೇ ಒಣಗುತ್ತದೆ. ಕಳವಾದರೆ ಪ್ರಕರಣ ದಾಖಲಾಗುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಒಣಗಿದರೆ ಕೇಳುವವರಿಲ್ಲ.

ಇದು ಸ್ಪೈಕ್ ರೋಗ. ಹೊಸದೇನಲ್ಲ. 1899ರಲ್ಲಿ ಕೊಡಗಿನ ಫ್ರೇಜರ್‌ಪೇಟೆಯ, ಅಂದರೆ ಇಂದಿನ ಕುಶಾಲನಗರದ ಆಸುಪಾಸಿನಲ್ಲಿ ಮೆಕಾರ್ಥಿ ಎಂಬ ಅಧಿಕಾರಿ ಇದನ್ನು ಮೊದಲು ಗುರುತಿಸಿದರು. ನಾಲ್ಕು ವರ್ಷ ಕಳೆಯುವುದರೊಳಗೆ ಕೊಡಗಿನಲ್ಲೂ ಮೈಸೂರು ಸೀಮೆಯಲ್ಲೂ ರೋಗದ ಮರ ಕಿತ್ತು ತೆಗೆಯುವುದೇ ಅರಣ್ಯದವರ ಕೆಲಸವಾಯಿತು. 1903ರಿಂದ 1916ರ ನಡುವೆ ಹೀಗೆ ತೆಗೆದ ಮರಗಳ ಸಂಖ್ಯೆ ಹತ್ತು ಲಕ್ಷದ ಹತ್ತಿರ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1907ರಲ್ಲಿ, ಮದ್ದು ಕಂಡುಹಿಡಿದವರಿಗೆ 10 ಸಾವಿರ ರೂಪಾಯಿ ಬಹುಮಾನ ಘೋಷಿಸಿತು. ಆ ಕಾಲಕ್ಕೆ ಅದು ದೊಡ್ಡ ಗಂಟು. ರೋಗ ಮಾತ್ರ ಬಹುಮಾನಕ್ಕೆ ಕಾಯದೆ ಗಡಿ ದಾಟಿತು. 1917ರಿಂದ 1925ರವರೆಗೆ ಸೇಲಂ ಸೀಮೆಯಲ್ಲೂ ಬಹಳಷ್ಟು ಮರಗಳನ್ನು ತೆಗೆಯಬೇಕಾಯಿತು.

ಆ ಬಹುಮಾನದ ಹಣ ಪಡೆಯಲು ಅರ್ಹರಾದವರು ಇವತ್ತಿಗೂ ಹುಟ್ಟಿಲ್ಲ.

ರೋಗ ಹಿಡಿದ ರೆಂಬೆಯನ್ನು ಒಮ್ಮೆ ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಆರೋಗ್ಯವಂತ ಗಂಧದ ಎಲೆಗಳು ಎದುರುಬದುರಾಗಿ, ಹೊಳೆಯುತ್ತ, ಕೊಂಚ ಇಳಿಬಿದ್ದು ನಿಂತಿರುತ್ತವೆ. ಸೋಂಕು ತಗುಲಿದ ಮೇಲೆ ಬರುವ ಪ್ರತಿ ಹೊಸ ಎಲೆಯೂ ಹಿಂದಿನದಕ್ಕಿಂತ ಚಿಕ್ಕದು, ಕಿರಿದು, ಬಿರುಸು. ಹಸಿರು ಹೋಗಿ ಪೇಲವ ಹಳದಿ ತಿರುಗುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಕುಗ್ಗಿ, ಎಲೆಗಳು ಒತ್ತೊತ್ತಾಗಿ ಕಡ್ಡಿಯಿಂದ ನೇರ ಹೊರಕ್ಕೆ ಚಾಚಿಕೊಳ್ಳುತ್ತವೆ. ಇಡೀ ರೆಂಬೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ನೆಟ್ಟಗಾಗುತ್ತದೆ. ಹೂವು ಬಿಡುವುದು ಕಡಿಮೆಯಾಗಿ, ಬಿಟ್ಟ ಹೂವೂ ಕೆಲವೊಮ್ಮೆ ಎಲೆಯ ರೂಪ ತಾಳಿ, ಕಾಯಿ ಕಟ್ಟುವುದೇ ನಿಲ್ಲುತ್ತದೆ. ಎಲೆಯಲ್ಲಿ ಪಿಷ್ಟ ತುಂಬಿಕೊಂಡಿರುತ್ತದೆ, ಆದರೆ ಅದು ಕೆಳಗೆ ಇಳಿಯುವುದಿಲ್ಲ. ಮೇಲೆ ಆಹಾರದ ರಾಶಿ, ಕೆಳಗೆ ಬೇರಿಗೆ ಉಪವಾಸ.

ಬೇರಿನ ಉಪವಾಸ ಗಂಧದ ಮರಕ್ಕೆ ಎರಡು ಪಟ್ಟು ಅಪಾಯ. ಗಂಧ ಅರೆ ಪರಾವಲಂಬಿ. ಬಿಸಿಲಿನಿಂದ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು, ಖನಿಜಾಂಶಗಳ ಬಹುಪಾಲನ್ನು ನೆರೆಯ ಗಿಡಗಳ ಬೇರಿನಿಂದ ಎಳೆದುಕೊಳ್ಳುತ್ತದೆ. ಗಂಧ ಹಾಕುವವರು ಸಸಿಯ ಬುಡದಲ್ಲೇ ತೊಗರಿ ಬಿತ್ತುವುದು, ಆಮೇಲೆ ಪಕ್ಕದಲ್ಲಿ ಹೊಂಗೆಯನ್ನೋ ಬೇವನ್ನೋ ಗಾಳಿಮರವನ್ನೋ ನೆಡುವುದು ಇದೇ ಕಾರಣಕ್ಕೆ. ಮಣ್ಣು ಕೆದಕಿದರೆ ಗಂಧದ ಸಣ್ಣ ಬೇರುಗಳ ತುದಿಯಲ್ಲಿ ಪುಟ್ಟ ಗುಂಡಿಯಂಥ ಹೀರುಬೇರುಗಳು ನೆರೆಯ ಬೇರನ್ನು ಕಚ್ಚಿ ಹಿಡಿದಿರುವುದು ಕಾಣುತ್ತದೆ. ಸ್ಪೈಕ್ ತಗುಲಿದ ಮರದಲ್ಲಿ ಈ ಹಿಡಿತಗಳೇ ಕಳಚಿಕೊಳ್ಳುತ್ತವೆ. ಆಗ ಮರಕ್ಕೆ ಉಳಿದಿರುವುದು ದಿನ ಎಣಿಸುವ ಕೆಲಸ.

ಈ ಕಥೆಯಲ್ಲಿ ಮಲೆನಾಡಿಗರಿಗೆ ಗುರುತಿನ ಹೆಸರೊಂದು ಬರುತ್ತದೆ: ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ಈ ವಿಜ್ಞಾನಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಮಿಶ್ರಣದ ಮದ್ದನ್ನು ರೂಢಿಗೆ ತಂದರು. ಮಳೆಗಾಲ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಸಾಗರ, ಶಿರಸಿಯ ತೋಟಗಳಲ್ಲಿ ಮೈಲುತುತ್ತ, ಸುಣ್ಣ ಕದಡುವ ಕೆಲಸ ಈಗಲೂ ಶುರುವಾಗುತ್ತದೆ. ಅದೇ ಕೋಲ್ಮನ್ ಸ್ಪೈಕ್ ರೋಗಕ್ಕೂ ಕೈಹಾಕಿದರು. ಮಣ್ಣಿನ ದೋಷ, ಬೆಂಕಿಯ ಪರಿಣಾಮ, ಲಂಟಾನದ ಕಾಟ ಎಂದು ಅವರವರಿಗೆ ತೋಚಿದಂತೆ ವಾದ ನಡೆದಿದ್ದ ಹೊತ್ತಿನಲ್ಲಿ, ರೋಗದ ಮರದ ಕಡ್ಡಿಯನ್ನು ಆರೋಗ್ಯದ ಮರಕ್ಕೆ ಕಸಿ ಕಟ್ಟಿ, ರೋಗ ದಾಟುವುದನ್ನು ತೋರಿಸಿ 1917ರಲ್ಲಿ ಪ್ರಕಟಿಸಿದರು. ಇದು ಅಂಟುರೋಗ ಎಂಬುದು ಅಲ್ಲಿಗೆ ಖಚಿತವಾಯಿತು. ಕೊಳೆರೋಗಕ್ಕೆ ಕಾರಣ ಹೊರಗಿನಿಂದ ಕಾಯಿಗೆ ಹತ್ತುವ ಶಿಲೀಂಧ್ರದಂಥ ಜೀವಿ. ಮೇಲೆ ಸಿಂಪಡಿಸಿದ ಮದ್ದು ಅದನ್ನು ತಡೆಯುತ್ತದೆ. ಸ್ಪೈಕ್‌ನ ಕಾರಣ ಮರದ ನಾಳದೊಳಗೇ ಮನೆ ಮಾಡಿಕೊಂಡಿತ್ತು. ಅದನ್ನು ಕಾಣುವ ಸೂಕ್ಷ್ಮದರ್ಶಕವೇ ಆಗ ಇರಲಿಲ್ಲ.

ಆಮೇಲಿನ ಇಪ್ಪತ್ತು ವರ್ಷ ಈ ರೋಗದ ಸಂಶೋಧನೆಯ ಸುಗ್ಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಸಂಗಡಿಗರು ಗಂಧದ ಮರದ ರಸಾಯನಶಾಸ್ತ್ರವನ್ನೇ ಬಗೆದು ನೋಡಿದರು. ಆಸರೆ ಗಿಡ ಯಾವುದೆಂಬುದಕ್ಕೂ ರೋಗಕ್ಕೂ ನಂಟಿದೆಯೇ ಎಂದು ಪ್ರಯೋಗ ಮಾಡಿದರು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಕೀಟತಜ್ಞರು ಫ್ರೇಜರ್‌ಪೇಟೆಯಲ್ಲೂ ಸೇಲಂನ ಜವಳಗಿರಿಯಲ್ಲೂ ಬೀಡುಬಿಟ್ಟು, ಗಂಧದ ಮೇಲೆ ಕೂರುವ ಹುಳುಗಳನ್ನೆಲ್ಲ ಹಿಡಿದು ಪಟ್ಟಿ ಮಾಡಿದರು. ಅನುಮಾನ ಜಿಗಿಹುಳುಗಳ ಮೇಲೆ ನೆಟ್ಟಿತು. ಒಬ್ಬರು ಒಂದು ಜಾತಿಯ ಹೆಸರು ಹೇಳಿದರು, ಇನ್ನೊಬ್ಬರು ಬೇರೊಂದನ್ನು. 1970ರ ದಶಕದಲ್ಲಿ ಭತ್ತದ ಹಸಿರು ಜಿಗಿಹುಳುವಿನ ಹೆಸರೂ ಸೇರಿತು. ರೋಗ ಹರಡುವ ಮುಖ್ಯ ಆರೋಪಿ ಯಾರೆಂಬ ಬಗ್ಗೆ ಕೊನೆಯ ತೀರ್ಪು ಇನ್ನೂ ಬಂದಿಲ್ಲ.

ರೋಗಾಣುವಿನ ಸುಳಿವು ಸಿಕ್ಕಿದ್ದು ದೂರದ ಜಪಾನಿನಲ್ಲಿ, ಅದೂ ಹಿಪ್ಪುನೇರಳೆಯಲ್ಲಿ. 1967ರಲ್ಲಿ ಅಲ್ಲಿನ ವಿಜ್ಞಾನಿಗಳು ಕುಬ್ಜರೋಗ ಹಿಡಿದ ಹಿಪ್ಪುನೇರಳೆಯ ನಾಳಗಳಲ್ಲಿ ಕೋಶಭಿತ್ತಿಯಿಲ್ಲದ, ಸಾಮಾನ್ಯ ಬ್ಯಾಕ್ಟೀರಿಯಾಕ್ಕಿಂತ ಚಿಕ್ಕ ಜೀವಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಎರಡೇ ವರ್ಷಕ್ಕೆ, 1969ರಲ್ಲಿ, ಮೂರು ಬೇರೆ ಬೇರೆ ತಂಡಗಳು ಸ್ಪೈಕ್ ರೋಗದ ಗಂಧದಲ್ಲೂ ಅಂಥವೇ ಜೀವಿಗಳನ್ನು ತೋರಿಸಿದವು. ಇಂದು ಇವಕ್ಕೆ ಫೈಟೊಪ್ಲಾಸ್ಮಾ ಎನ್ನುತ್ತಾರೆ. ಬದನೆಯ ಎಲೆ ಸಣ್ಣದಾಗುವ ರೋಗ, ಎಳ್ಳಿನ ಹೂವು ಎಲೆಯಾಗುವ ರೋಗ, ಸುಳ್ಯ, ಸಂಪಾಜೆ, ಶೃಂಗೇರಿ ಕಡೆ ಅಡಿಕೆ ತೋಟಗಳನ್ನೇ ನುಂಗಿದ ಹಳದಿ ಎಲೆ ರೋಗ, ಎಲ್ಲದರ ಹಿಂದೆ ಇರುವುದು ಇದೇ ಬಳಗ.

ರೋಗಾಣು ಗೊತ್ತಾದೊಡನೆ ಮದ್ದು ಸಿಗಬೇಕಿತ್ತು. ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕಾಂಡಕ್ಕೆ ಚುಚ್ಚಿದಾಗ ಮರ ಚೇತರಿಸಿಕೊಂಡದ್ದೂ ಹೌದು. ದೊಡ್ಡ ಎಲೆ ಮತ್ತೆ ಚಿಗುರಿದ್ದೂ ಹೌದು. ಆದರೆ ಮದ್ದಿನ ಪ್ರಭಾವ ಇಳಿದಂತೆ ರೋಗ ಮರಳಿ ಬಂತು. ಕಾಡಿನ ಮರಮರಕ್ಕೂ ಮತ್ತೆ ಮತ್ತೆ ಚುಚ್ಚುಮದ್ದು ಕೊಡುವುದು ಆಗುಹೋಗುವ ಮಾತಲ್ಲ. ಆ್ಯಂಟಿಬಯಾಟಿಕ್ಕನ್ನು ಕಾಡಿನಲ್ಲಿ ಚೆಲ್ಲುವುದು ವಿವೇಕವೂ ಅಲ್ಲ. ಹಾಗಾಗಿ ಇಂದಿಗೂ ಉಳಿದಿರುವ ಉಪಾಯ ನೂರು ವರ್ಷದ ಹಿಂದಿನದೇ: ರೋಗದ ಮರವನ್ನು ಗುರುತಿಸಿ ತೆಗೆಯುವುದು. ಅದೂ ಬೇರುಸಹಿತ. ಬರೀ ಕಾಂಡ ಕಡಿದರೆ ಬೇರಿನಿಂದ ಏಳುವ ಮರಿಗಳಲ್ಲಿ ರೋಗ ಮತ್ತೆ ತಲೆ ಎತ್ತುತ್ತದೆ.

ವಾದದ ಗಂಟು ಇರುವುದು ಇಲ್ಲೇ. ಮಾಡಬಹುದಾದ ಒಂದೇ ಕೆಲಸ ರೋಗದ ಮರವನ್ನು ಬೇಗ ತೆಗೆಯುವುದು. ನಮ್ಮ ವ್ಯವಸ್ಥೆಯಲ್ಲಿ ಆಗದ ಒಂದೇ ಕೆಲಸವೂ ಅದೇ.

ಕಾಡಿನಲ್ಲಿ ಹಸಿ ಮರ ಕಡಿಯುವುದಕ್ಕೆ ನಿರ್ಬಂಧವಿದೆ. ನಿರ್ಬಂಧ ಬಂದದ್ದು ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಪೈಕ್ ತಗುಲಿದ ಮರ ಪೂರ್ತಿ ಒಣಗುವವರೆಗೂ ಹಸಿಯಾಗಿಯೇ ಇರುತ್ತದೆ. ಅದು ಒಣಗಲಿ ಎಂದು ಕಾಯುವ ಎರಡು ವರ್ಷವೂ ಜಿಗಿಹುಳುವಿಗೆ ಸೋಂಕಿನ ಕಣಜ. ರೋಗ ಈಗ ವೇಗವಾಗಿ ಹರಡುತ್ತಿರುವುದಕ್ಕೆ ಇದೂ ಕಾರಣ ಎಂದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹೇಳಿದ್ದಾರೆ. ಕೇರಳದ ಮರಯೂರಿನ ಗಂಧದ ಕಾಡಿನಲ್ಲೂ ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲೂ ರೋಗ ಬಲವಾಗಿ ಬೇರೂರಿದೆ. ವರ್ಷಕ್ಕೆ ನೂರಕ್ಕೆ ಒಂದರಿಂದ ಐದು ಮರ ಈ ರೋಗಕ್ಕೆ ಬಲಿಯಾಗುತ್ತಿವೆ ಎಂಬುದು ಅಂದಾಜು. ನೂರಕ್ಕೆ ಐದೆಂದರೆ ಕಡಿಮೆ ಅನ್ನಿಸಬಹುದು. ಗಂಧದ ಚೇಗು ಬಲಿಯಲು ಕಾಡಿನಲ್ಲಿ ಮೂವತ್ತು ವರ್ಷವಾದರೂ ಬೇಕು ಎಂಬುದನ್ನು ಜೊತೆಗಿಟ್ಟು ಲೆಕ್ಕ ಹಾಕಿದರೆ ಅದು ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಮಹದೇಶ್ವರ ಬೆಟ್ಟದ ಹೆಸರು ಬಂದಾಗ ಒಂದು ಮಾತು ಹೇಳದೆ ಇರಲಾಗದು. ಇದೇ ಕಾಡಿನಲ್ಲಿ ವೀರಪ್ಪನ್‌ನ ಬೆನ್ನುಹತ್ತಿ ಎರಡು ರಾಜ್ಯಗಳ ಪೊಲೀಸರು ವರ್ಷಗಟ್ಟಲೆ ಅಲೆದರು, ಜೀವ ತೆತ್ತರು. 2004ರಲ್ಲಿ ಅವನ ಕಥೆ ಮುಗಿಯಿತು. ಆ ಕಾರ್ಯಾಚರಣೆಗೆ ಸುರಿದ ಹಣದ ಒಂದು ತುಣುಕಾದರೂ ಜಿಗಿಹುಳುವಿನ ಬೆನ್ನುಹತ್ತಲು ಸಿಕ್ಕಿದ್ದರೆ ಇವತ್ತು ಬರೆಯಬೇಕಾದ್ದು ಬೇರೆಯೇ ಆಗುತ್ತಿತ್ತೇನೋ. ಗಂಧವೆಂದರೆ ನಮಗೆ ಮೊದಲು ನೆನಪಾಗುವುದೇ ಕಳ್ಳಸಾಗಣೆ. ಸಿನಿಮಾದಿಂದ ಶಾಸನಸಭೆಯವರೆಗೆ ಎಲ್ಲ ಕಡೆ ಅದೇ ಮಾತು. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷವೆಂದು ಸಾರಿದಾಗ ಶುರುವಾದ ಕಾವಲುಗಾರನ ದೃಷ್ಟಿಯೇ ಇವತ್ತಿಗೂ ನಡೆದುಬಂದಿದೆ. ಕಾವಲುಗಾರನಿಗೆ ಮರದ ಲೆಕ್ಕ ಗೊತ್ತು, ಮರದ ಆರೋಗ್ಯ ಗೊತ್ತಿಲ್ಲ.

ರೋಗದ ಮರ ಕಡಿಯಲು ಸಡಿಲ ಬಿಟ್ಟರೆ ಅದೇ ನೆಪದಲ್ಲಿ ಒಳ್ಳೆಯ ಮರಗಳೂ ಉರುಳುತ್ತವೆ ಎಂಬ ಭಯ ಇಲಾಖೆಗಿದೆ. ಈ ಭಯವನ್ನು ತಳ್ಳಿಹಾಕುವಂತಿಲ್ಲ. 1997-98ರಲ್ಲಿ ಮಧ್ಯಪ್ರದೇಶದ ಸಾಲ್ ಕಾಡುಗಳಿಗೆ ಕಾಂಡ ಕೊರೆಯುವ ದುಂಬಿ ಮುತ್ತಿಕೊಂಡಿತು. ಮಂಡ್ಲಾ ಸುತ್ತಿನಲ್ಲಿ ಲಕ್ಷಗಟ್ಟಲೆ ಮರಗಳ ಬುಡದಲ್ಲಿ ಮರದ ಹುಡಿಯ ರಾಶಿ ಬಿದ್ದಿತ್ತು. ಹಸಿ ಸಾಲ್ ಮರದ ರಸದ ವಾಸನೆಗೆ ಈ ದುಂಬಿ ಸೋಲುತ್ತದೆ. ಆದ್ದರಿಂದ ಕೆಲವು ಮರಗಳನ್ನು ಕಡಿದು ಜಜ್ಜಿ, ರಸಕ್ಕೆ ಬಂದ ದುಂಬಿಗಳನ್ನು ಹಳ್ಳಿಯವರಿಂದ ಹಿಡಿಸಿ, ದುಂಬಿಗೆ ಇಷ್ಟೆಂದು ಕೂಲಿ ಕೊಡುವ ಹಳೆಯ ಪದ್ಧತಿಯಿದೆ. ಅದರ ಜೊತೆಗೆ ದೊಡ್ಡ ಪ್ರಮಾಣದಲ್ಲಿ ಕಡಿತಲೆಯೂ ಶುರುವಾಯಿತು. ಹುಳುವಿನ ಹೆಸರಿನಲ್ಲಿ ಕಾಡೇ ಬೋಳಾಗುತ್ತಿದೆ ಎಂಬ ಕೂಗೆದ್ದಿತು. ಕೊನೆಗೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ಉಳಿಯಲಾರದಷ್ಟು ಕೆಟ್ಟ ಮರಗಳನ್ನಷ್ಟೇ ಕಡಿಯುವಂತೆ ಮಿತಿ ಹಾಕಬೇಕಾಯಿತು.

ಸಾಲ್ ಮರದ ಪ್ರಕರಣದಿಂದ ಕಲಿಯಬೇಕಾದ್ದು ‘ಕಡಿಯಬೇಡಿ’ ಎಂಬುದಲ್ಲ, ‘ಪರೀಕ್ಷಿಸಿ ಕಡಿಯಿರಿ’ ಎಂಬುದು. ಅಂದು ಕಣ್ಣಳತೆಯೇ ಗತಿಯಾಗಿತ್ತು. ಇಂದು ಹಾಗಿಲ್ಲ. ಫೈಟೊಪ್ಲಾಸ್ಮಾ ಇದೆಯೋ ಇಲ್ಲವೋ ಎಂಬುದನ್ನು ಎಲೆಯ ಒಂದು ಚೂರಿನಿಂದ ಪಿಸಿಆರ್ ಪರೀಕ್ಷೆಯಲ್ಲಿ ಪತ್ತೆ ಮಾಡಬಹುದು. ಪಿಸಿಆರ್ ಏನೆಂದು ಕೋವಿಡ್ ಕಾಲದಲ್ಲಿ ಹಳ್ಳಿಯ ಅಜ್ಜಿಗೂ ಗೊತ್ತಾಗಿದೆ. ಜಿಲ್ಲೆ ಜಿಲ್ಲೆಗಳಲ್ಲಿ ಯಂತ್ರಗಳು ಬಂದಿವೆ, ನಡೆಸಬಲ್ಲ ತಂತ್ರಜ್ಞರಿದ್ದಾರೆ. ಪೋಷಕಾಂಶದ ಕೊರತೆಯಿಂದಲೂ ಗಂಧದ ಎಲೆ ಸಣ್ಣಗಾಗಿ ಹಳದಿಯಾಗುವುದುಂಟು, ಹಾಗಾಗಿ ಪರೀಕ್ಷೆ ರೈತನಿಗೂ ರಕ್ಷಣೆ, ಇಲಾಖೆಗೂ ದಾಖಲೆ. ಪರೀಕ್ಷೆಯ ವರದಿ ಬಂದ ಹದಿನೈದು ದಿನದೊಳಗೆ ಮರ ಬೇರುಸಹಿತ ಹೋಗಬೇಕು ಎಂಬ ನಿಯಮ ಮಾಡಲು ಯಾವ ಹೊಸ ವಿಜ್ಞಾನವೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇದು ಇಷ್ಟು ತುರ್ತಾಗಿರುವುದಕ್ಕೆ ಕಾರಣ, ಗಂಧ ಈಗ ಕಾಡಿನ ಮರವಷ್ಟೇ ಅಲ್ಲ. 2001ರವರೆಗೆ ಸ್ವಂತ ಜಮೀನಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆಗಿತ್ತು. ಆ ತಾಪತ್ರಯ ಯಾರಿಗೆ ಬೇಕೆಂದು ರೈತರು ಸಸಿ ಇರುವಾಗಲೇ ಕಿತ್ತೆಸೆಯುತ್ತಿದ್ದರು. ಆ ವರ್ಷ ಕರ್ನಾಟಕ ಕಾನೂನು ತಿದ್ದಿ ಮರದ ಒಡೆತನವನ್ನು ಜಮೀನಿನವರಿಗೆ ಬಿಟ್ಟುಕೊಟ್ಟಿತು. ಮರುವರ್ಷ ತಮಿಳುನಾಡು ಅದನ್ನೇ ಮಾಡಿತು. ಅಲ್ಲಿಂದಾಚೆ ಬಯಲುಸೀಮೆಯ ಎಷ್ಟೋ ಎಕರೆಗಳಲ್ಲಿ ಗಂಧ ಬಂದಿದೆ. ‘ಹದಿನೈದು ವರ್ಷಕ್ಕೆ ಕೋಟಿ’ ಎಂಬ ಜಾಹೀರಾತು ನಂಬಿ ಹಾಕಿದವರೂ ಇದ್ದಾರೆ, ಲೆಕ್ಕಾಚಾರ ಮಾಡಿ ಹಾಕಿದವರೂ ಇದ್ದಾರೆ. ಕಾಡಿನಲ್ಲಿ ಹತ್ತು ಜಾತಿಯ ಮರಗಳ ನಡುವೆ ಚೆದುರಿ ನಿಲ್ಲುವ ಗಂಧ ಇಲ್ಲಿ ಸಾಲಾಗಿ, ಒತ್ತಾಗಿ ನಿಂತಿದೆ. ಒಡೆತನ ಸಿಕ್ಕರೂ ಕಡಿಯಲು, ಸಾಗಿಸಲು ಇಲಾಖೆಯ ಬಾಗಿಲು ತಟ್ಟುವುದು ತಪ್ಪಿಲ್ಲ. ರೋಗ ಕಂಡ ರೈತ ಅನುಮತಿಗೆ ಅಲೆಯಬೇಕೋ, ಸುಮ್ಮನಿದ್ದು ಪಕ್ಕದವನ ತೋಟಕ್ಕೂ ಹಬ್ಬಲು ಬಿಡಬೇಕೋ?

ಸಸಿಗಳ ವಿಚಾರವಂತೂ ಇನ್ನೂ ಸಡಿಲ. ರಸ್ತೆ ಬದಿಯ ನರ್ಸರಿಯಲ್ಲಿ ಮಾವಿನ ಕಸಿ ಗಿಡದ ಪಕ್ಕ ಗಂಧದ ಪಾಕೆಟ್ ಸಸಿ ಸಾಲಾಗಿ ಕೂತಿರುತ್ತದೆ. ಬೀಜ ಯಾವ ಮರದ್ದು, ತಾಯಿಮರ ಯಾವ ಕಾಡಿನದು, ಆ ಕಾಡಿನಲ್ಲಿ ಸ್ಪೈಕ್ ಇತ್ತೇ ಎಂದು ಕೇಳಿದರೆ ಉತ್ತರಿಸುವವರು ವಿರಳ. ಆಲೂಗಡ್ಡೆಗೆ, ಬಾಳೆಗೆ ರೋಗರಹಿತ ಬಿತ್ತನೆ ಸಾಮಗ್ರಿ ಬೇಕೆಂದು ಒಪ್ಪುವ ನಾವು, ಹದಿನೈದು ಇಪ್ಪತ್ತು ವರ್ಷ ಕಾಯಬೇಕಾದ ಮರಕ್ಕೆ ಅದನ್ನು ಕೇಳುವುದಿಲ್ಲ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ರಾಜ್ಯದಲ್ಲಿ ನಿದರ್ಶನವಿದೆ. 2001ರ ಸುಮಾರಿಗೆ ಮಂಡ್ಯ ಜಿಲ್ಲೆಯ ನೀಲಗಿರಿ ತೋಪುಗಳಲ್ಲಿ ಎಲೆಯ ನರ, ಎಳೆ ಕಡ್ಡಿಗಳು ಗಂಟುಗಂಟಾಗಿ ಉಬ್ಬತೊಡಗಿದವು. ಹೊರದೇಶದಿಂದ ನುಸುಳಿದ ಗಂಟುಕಣಜದ ಕೆಲಸ ಅದು. ನೀಲಗಿರಿಯ ಹಿಂದೆ ಕಾಗದದ ಕಾರ್ಖಾನೆಗಳಿದ್ದವು, ಅವುಗಳಿಗೆ ನಷ್ಟ ಎದುರಿಗೇ ಕಾಣುತ್ತಿತ್ತು. ಆ ಕಣಜದ ಮರಿಯನ್ನೇ ತಿಂದು ಬದುಕುವ ಇನ್ನೊಂದು ಕಣಜವನ್ನು ಇಸ್ರೇಲ್‌ನಿಂದ ತರಿಸಿ, ಬೆಂಗಳೂರಿನ ಪ್ರಯೋಗಾಲಯದಲ್ಲಿ ಸಾಕಿ ತೋಪುಗಳಿಗೆ ಬಿಡಲಾಯಿತು. ನೀಲಗಿರಿಯ ಮೇಲೆ ಪರಿಸರದ ನೂರು ತಕರಾರುಗಳಿರಬಹುದು, ಅದು ಬೇರೆ ಚರ್ಚೆ. ಕೇಳುವ ಧಣಿ ಇದ್ದ ಮರಕ್ಕೆ ವೈದ್ಯ ಬಂದ ಎಂಬುದು ಗಮನಿಸಬೇಕಾದ ಸಂಗತಿ. ಅಡಿಕೆಯ ಹಳದಿ ಎಲೆ ರೋಗಕ್ಕೂ ಪೂರ್ತಿ ಮದ್ದು ಸಿಕ್ಕಿಲ್ಲ, ಆದರೆ ಅದು ಬಜೆಟ್‌ನಲ್ಲಿ ಹೆಸರು ಪಡೆಯುತ್ತದೆ, ಕಾಸರಗೋಡಿನ ತೋಟದ ಬೆಳೆಗಳ ಸಂಸ್ಥೆಯಲ್ಲಿ ರೋಗ ತಡೆಯುವ ತಳಿಯ ಹುಡುಕಾಟ ನಡೆದಿದೆ. ಅಡಿಕೆ ಬೆಳೆಗಾರರಿಗೆ ಮತವಿದೆ, ದನಿಯಿದೆ. ಕಾಡಿನ ಗಂಧಕ್ಕೆ ಎರಡೂ ಇಲ್ಲ.

ಸಂಶೋಧನೆ ನಡೆದೇ ಇಲ್ಲವೆಂದಲ್ಲ. 2020ರ ಹೊತ್ತಿಗೆ ಮಲ್ಲೇಶ್ವರದ ಸಂಸ್ಥೆ, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಜೊತೆಗೂಡಿ ಆಯುಷ್ ಸಚಿವಾಲಯದ ನೆರವಿನಲ್ಲಿ ಮೂರು ವರ್ಷದ ಅಧ್ಯಯನಕ್ಕೆ ಮುಂದಾಯಿತು. ಒಳ್ಳೆಯ ಹೆಜ್ಜೆ. ಆದರೆ ಮೂವತ್ತು ವರ್ಷದ ಮರದ ನೂರಿಪ್ಪತ್ತು ವರ್ಷದ ರೋಗಕ್ಕೆ ಮೂರು ವರ್ಷದ ಯೋಜನೆ ಎಂದರೆ, ಯೋಜನೆ ಮುಗಿಯುವ ಹೊತ್ತಿಗೆ ನೆಟ್ಟ ಸಸಿ ಇನ್ನೂ ಎಳೆಯದೇ ಆಗಿರುತ್ತದೆ. ರೋಗಪೀಡಿತ ಕಾಡುಗಳ ನಡುವೆಯೂ ಹಸಿರಾಗಿ ಉಳಿದ ಮರಗಳಿದ್ದರೆ ಅವನ್ನು ಗುರುತಿಸಿ, ಸಸಿ ಮಾಡಿ, ಬೇಕೆಂದೇ ಸೋಂಕು ತಗುಲಿಸಿ, ತಾಳಿಕೊಂಡವನ್ನು ಆರಿಸುವುದು ದಶಕಗಳ ದುಡಿಮೆ. ಅದನ್ನು ಬಿಟ್ಟುಬಿಟ್ಟು ಮಾಡಲು ಬರುವುದಿಲ್ಲ.

ಇಷ್ಟಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆ ಏಳಬಹುದು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಹೋಗುತ್ತಿದ್ದ ಗಂಧದ ಕೊರಡು ಇಲ್ಲೇ ಉಳಿದಾಗ, ನಾಲ್ವಡಿಯವರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಎಣ್ಣೆ ಕಾರ್ಖಾನೆ ತೆರೆದರು, ಎರಡು ವರ್ಷಕ್ಕೆ ಸಾಬೂನು ಬಂತು. ಅದೇ ಕಾರ್ಖಾನೆಯ ವಾರಸುದಾರ ಇಂದಿನ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ. ಲಾಭದಲ್ಲಿ ನಡೆಯುವ ಸರ್ಕಾರಿ ಕಂಪನಿ. ಮೈಸೂರು ಸ್ಯಾಂಡಲ್ ಸಾಬೂನಿಗೆ ಗಂಧದೆಣ್ಣೆ ಬೇಕು. ಆ ಲಾಭದ ಸಣ್ಣದೊಂದು ಪಾಲನ್ನು ಪ್ರತಿವರ್ಷ, ತಪ್ಪದೆ, ಸ್ಪೈಕ್ ರೋಗದ ಸಂಶೋಧನೆಗೆ ಕಾದಿರಿಸುವುದು ದಾನವಲ್ಲ, ಕಚ್ಚಾವಸ್ತುವಿನ ವಿಮೆ. ಸರ್ಕಾರ ಮುಂದಿನ ಬಜೆಟ್‌ನಲ್ಲಿ ಇದನ್ನು ಬರೆಯಲಿ.

ಅಲ್ಲಿಯವರೆಗೆ ಗಂಧ ಬೆಳೆದವರು ತಮ್ಮ ಮಟ್ಟಿಗೆ ಮಾಡಬಹುದಾದ್ದು ಇದೆ. ತಿಂಗಳಿಗೊಮ್ಮೆ ಕಳ್ಳನ ಹೆಜ್ಜೆಗಾಗಿ ಬೇಲಿ ನೋಡುವಂತೆ ಮರದ ನೆತ್ತಿಯನ್ನೂ ನೋಡಿ. ಎಲೆ ಸಣ್ಣದಾಗಿ, ಹಳದಿ ತಿರುಗಿ, ಕಡ್ಡಿಗೆ ಅಡ್ಡಲಾಗಿ ಸೆಟೆದು ನಿಂತ ರೆಂಬೆ ಕಂಡರೆ ಫೋಟೊ ತೆಗೆದು, ಮರಕ್ಕೆ ಬಣ್ಣದ ಗುರುತು ಹಾಕಿ, ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷೆಗೆ ಮಲ್ಲೇಶ್ವರದ ಸಂಸ್ಥೆಯನ್ನು ಕೇಳಿ. ಅಂಥ ಮರದ ಸುತ್ತಮುತ್ತ ಬೀಜ ಆಯಬೇಡಿ, ಅಲ್ಲಿಂದ ಸಸಿ ಯಾರಿಗೂ ಕೊಡಬೇಡಿ.